ಗಾಳಿಗೆ ಬಿದ್ದ ಮರ ಯಾರದು?

ಕಾಡಿನಲ್ಲಿ ಒಂದು ಮರ ಬಿರುಗಾಳಿಗೆ ಬುಡಮೇಲಾಗಿ ಬಿತ್ತು. ಅದನ್ನು ಕಡಿದವರಿಲ್ಲ, ಕೆಡವಿದವರಿಲ್ಲ. ಆ ಮರ ಯಾರಿಗೆ ಸೇರತಕ್ಕದ್ದು? ಪ್ರಶ್ನೆ ಮೇಲುನೋಟಕ್ಕೆ ಸಣ್ಣದು. ಆದರೆ ಪೂರ್ವಸಮುದ್ರದ ತೈವಾನ್ ದ್ವೀಪದಲ್ಲಿ ಈ ಸಣ್ಣ ಪ್ರಶ್ನೆಗೆ ಉತ್ತರ ದೊರೆಯಲು ನಾಲ್ಕು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಉತ್ತರ ಹೇಳಬೇಕಾದವರು ಒಂದು ಪುರಾತನ ಜನಾಂಗದ ಮನಸ್ಸನ್ನೇ ಅರಿಯಬೇಕಾಯಿತು.

2005ನೆಯ ಇಸವಿಯ ಆಗಸ್ಟ್ ಕೊನೆಯಲ್ಲಿ ಆ ದ್ವೀಪದ ಮೇಲೆ ಚಂಡಮಾರುತವೊಂದು ಬೀಸಿತು. ಉತ್ತರಭಾಗದ ಶಿಂಚು ಜಿಲ್ಲೆಯ ಬೆಟ್ಟಗಳ ನಡುವೆ ಸ್ಮಾಂಗುಸ್ ಎಂಬ ಹಳ್ಳಿಯಿದೆ. ಅದರ ಸಮೀಪದ ದಾರಿಯಲ್ಲಿ ಜೆಲ್ಕೋವಾ ಎಂಬ ಗಟ್ಟಿಜಾತಿಯ ಮರವೊಂದು ಉರುಳಿತು. ಅರಣ್ಯ ಇಲಾಖೆಯವರು ಬಂದು ಬೆಲೆಬಾಳುವ ಕಾಂಡವನ್ನು ಸಾಗಿಸಿಕೊಂಡು ಹೋದರು. ಬುಡವೂ ಬೇರೂ ಅಲ್ಲೇ ಉಳಿದವು. ಹಳ್ಳಿಯವರು ಸಭೆ ಸೇರಿ, ಉಳಿದದ್ದನ್ನು ಊರಿಗೆ ತಂದು ಕೆತ್ತನೆಗೂ ಊರಿನ ಅಲಂಕಾರಕ್ಕೂ ಬಳಸೋಣವೆಂದು ನಿಶ್ಚಯಿಸಿದರು. ಆ ಕೆಲಸಕ್ಕೆ ಮೂವರು ತರುಣರನ್ನು ಕಳುಹಿಸಿದರು. ಅಕ್ಟೋಬರ್ ತಿಂಗಳಿನಲ್ಲಿ ಪೊಲೀಸರು ಆ ಮೂವರನ್ನು ಹಿಡಿದರು. ಆಪಾದನೆ: ಸರ್ಕಾರದ ಮರದ ಕಳವು.

ಹಿರಿಯರು ಹೇಳಿದ ಕೆಲಸವನ್ನು ಹಾಡಹಗಲಿನಲ್ಲಿ ಮಾಡಿದವರು ಕಳ್ಳರಾದ ಈ ಕಥೆಯನ್ನು ಮೊದಲು ಓದಿದಾಗ, ಇದು ಮರದ ಜಗಳವೆಂದೇ ನಾನೂ ಎಣಿಸಿದ್ದೆ. ಓದುತ್ತ ಹೋದಂತೆ, ಇದು ಎರಡು ಕಟ್ಟಳೆಗಳ ನಡುವಣ ವ್ಯಾಜ್ಯವೆಂಬುದು ತಿಳಿಯಿತು. ಒಂದು ಕಟ್ಟಳೆ ಪುಸ್ತಕದಲ್ಲಿದೆ. ಇನ್ನೊಂದರ ಹೆಸರು ಗಗಾ.

ಒಂದು ಊಟದವರು

ಸ್ಮಾಂಗುಸ್ ಹಳ್ಳಿಯವರು ಅತಯಾಲ್ ಜನ. ತೈವಾನಿನ ಸರ್ಕಾರ ಮಾನ್ಯಮಾಡಿರುವ 16 ಮೂಲನಿವಾಸಿ ಜನಾಂಗಗಳಲ್ಲಿ ಇವರದು ಸಂಖ್ಯೆಯಲ್ಲಿ ಮೂರನೆಯದು. ಸುಮಾರು 90 ಸಾವಿರ ಮಂದಿ. ದ್ವೀಪದ ಉತ್ತರಾರ್ಧದ ಬೆಟ್ಟಗಳೂ ಕಣಿವೆಗಳೂ ಇವರ ನೆಲೆ. ಇವರ ನುಡಿಗೆ ಚೀನೀ ಭಾಷೆಯ ನಂಟಿಲ್ಲ. ಫಿಲಿಪ್ಪೀನ್ಸ್, ಜಾವಾ ಮೊದಲಾದ ದ್ವೀಪಗಳ ನುಡಿಗಳೊಡನೆ ಅದು ಒಂದೇ ಕುಟುಂಬಕ್ಕೆ ಸೇರಿದ್ದು. ತಯಾಲ್ ಎಂದರೆ ಮನುಷ್ಯ ಎಂದಷ್ಟೇ ಅರ್ಥ. ತಮ್ಮನ್ನು ತಾವು ಬರಿಯ ಮನುಷ್ಯರೆಂದು ಕರೆದುಕೊಂಡ ಜನರು, ಮನುಷ್ಯನಾಗಿ ಬಾಳಲು ಬೇಕಾದ ನಡವಳಿಕೆಯನ್ನು ಗಗಾ ಎಂದು ಕರೆದರು.

ಈ ಮಾತನ್ನು ಕನ್ನಡಿಸುವುದು ಸುಲಭವಲ್ಲ. ಕಟ್ಟಳೆ ಎನ್ನಬಹುದು, ಆಚಾರ ಎನ್ನಬಹುದು, ಧರ್ಮ ಎಂದರೂ ತಪ್ಪಾಗದು. ಪೂರ್ವಿಕರು ಬಿಟ್ಟುಹೋದ ನುಡಿಯೇ ಗಗಾ. ಅದನ್ನು ಒಟ್ಟಿಗೆ ಪಾಲಿಸುವ ಮಂದಿಯ ಗುಂಪಿಗೂ ಗಗಾ ಎಂದೇ ಹೆಸರು. ಕಟ್ಟಳೆಗೂ ಕಟ್ಟಳೆಯವರಿಗೂ ಒಂದೇ ಹೆಸರಿರುವಲ್ಲಿ, ಜನರಿಲ್ಲದೆ ಕಟ್ಟಳೆಯಿಲ್ಲ, ಕಟ್ಟಳೆಯಿಲ್ಲದೆ ಜನರಿಲ್ಲ ಎಂಬ ಭಾವ ಅಡಗಿದೆಯೆಂದು ನನಗೆ ತೋರುತ್ತದೆ.

ಹಿಂದೆ ನವಣೆಯಂಥ ಕಿರುಧಾನ್ಯದ ಬಿತ್ತನೆಯೂ ಕೊಯ್ಲೂ ಗುಂಪಿನ ಆಚರಣೆಗಳಾಗಿದ್ದವು. ಬೇಟೆಯ ಮಾಂಸವನ್ನು ಹಂಚಿಕೊಂಡು ಉಣ್ಣುತ್ತಿದ್ದರು. ಹೀಗೆ ಹಂಚಿ ಉಣ್ಣುವ ಬಳಗಕ್ಕೆ ಅವರ ನುಡಿಯಲ್ಲಿ ‘ಕುತುಖ್ ನಿಕಾನ್’ ಎಂಬ ಹೆಸರುಂಟು. ‘ಒಂದು ಊಟದವರು’ ಎಂದರ್ಥ. ಒಂದೇ ಹೊಳೆಯ ಉದ್ದಕ್ಕೂ ನೆಲೆಸಿದ ಹಳ್ಳಿಗಳ ಒಕ್ಕೂಟಕ್ಕೆ ‘ಕುತುಖ್ ಲ್ಯುಂಗ್’ ಎನ್ನುತ್ತಾರೆ; ‘ಒಂದು ಹೊಳೆಯವರು’ ಎಂದು. ಗಡಿಯನ್ನು ಹೇಳುವುದಕ್ಕೆ ನಕ್ಷೆ ಬೇಕಾಗಿರಲಿಲ್ಲ. ಯಾರ ಜೊತೆ ಉಣ್ಣುತ್ತೇವೆ, ಯಾವ ಹೊಳೆಯ ನೀರು ಕುಡಿಯುತ್ತೇವೆ ಎಂಬುದೇ ಅವರ ಗಡಿ.

ಈ ಕಟ್ಟಳೆಗೆ ಕಾವಲಾಗಿ ನಿಂತವರು ‘ಉತುಖ್’, ಎಂದರೆ ಕಣ್ಣಿಗೆ ಕಾಣದ ಚೇತನಗಳು. ಮುಖ್ಯವಾಗಿ ಹಿರಿಯರ ಆತ್ಮಗಳು. ನಿಷಿದ್ಧವಾದುದನ್ನು ಮಾಡಿದರೆ ಉತುಖ್ ಮುನಿಯುತ್ತದೆ. ಮುನಿಸು ತಪ್ಪು ಮಾಡಿದವನ ಮೇಲೆಯೇ ಬರಬೇಕೆಂಬ ನಿಯಮವಿಲ್ಲ. ಒಬ್ಬ ತಪ್ಪಿದರೆ ಇನ್ನೊಬ್ಬನ ಮಗು ಕಾಯಿಲೆ ಬೀಳಬಹುದು; ಮತ್ತೊಬ್ಬ ಬೇಟೆಯಲ್ಲಿ ಬಿದ್ದು ಕಾಲು ಮುರಿದುಕೊಳ್ಳಬಹುದು. ಆದುದರಿಂದ ಒಬ್ಬನ ನಡತೆ ಎಲ್ಲರ ಚಿಂತೆಯಾಗಿತ್ತು. ತಪ್ಪು ಬಯಲಾದಾಗ ಸೆರೆಮನೆಯಿಲ್ಲ, ಛಡಿಯೇಟಿಲ್ಲ. ತಪ್ಪಿದವನು ಹಂದಿಯನ್ನು ತಪ್ಪುಕಾಣಿಕೆಯಾಗಿ ಒಪ್ಪಿಸಬೇಕು. ಅದರ ಮಾಂಸ ಬಳಗದಲ್ಲಿ ಹಂಚಿಕೆಯಾಗಬೇಕು. ಪಾಲು ಸ್ವೀಕರಿಸಿದವರು ಆ ತಪ್ಪನ್ನು ಮತ್ತೆ ಎತ್ತಿ ಆಡುವಂತಿಲ್ಲ.

ಹೆಣ್ಣು ನೇಯ್ಗೆಯಲ್ಲಿ ನುರಿತಾಗ ಅವಳ ಕೆನ್ನೆಗಳ ಮೇಲೆ ಹಚ್ಚೆ ಹಾಕುತ್ತಿದ್ದರು. ಗಂಡು ಶತ್ರುವಿನ ತಲೆ ತಂದಾಗ ಅವನ ಹಣೆ ಗಲ್ಲಗಳ ಮೇಲೆ. ಸತ್ತಮೇಲೆ ಆತ್ಮ ಕಾಮನಬಿಲ್ಲಿನ ಸೇತುವೆಯನ್ನು ದಾಟಿ ಹಿರಿಯರ ಬಳಿಗೆ ಹೋಗಬೇಕು. ಬದುಕಿನಲ್ಲಿ ಈ ಅರ್ಹತೆ ಗಳಿಸದವರಿಗೆ ಸೇತುವೆ ದಾಟಗೊಡದೆಂದು ನಂಬುಗೆ. ಕಾಮನಬಿಲ್ಲಿಗೆ ಅವರ ಮಾತಿನಲ್ಲಿ ‘ಹೋಂಗು ಉತುಖ್’, ಆತ್ಮಗಳ ಸೇತುವೆ, ಎಂದೇ ಹೆಸರು. ಇಷ್ಟು ಚೆಲುವಾದ ಕಲ್ಪನೆಯ ಪಕ್ಕದಲ್ಲೇ ತಲೆ ಕಡಿಯುವ ವ್ರತವೂ ಇತ್ತೆಂಬುದನ್ನು ಮರೆಮಾಚಲಾಗದು. ಹಳೆಯದನ್ನೆಲ್ಲ ಹೊಗಳುವುದು ನನ್ನ ಉದ್ದೇಶವಲ್ಲ. ಗಗಾದಲ್ಲಿ ಬಿಡಬೇಕಾದದ್ದೂ ಇತ್ತು, ಉಳಿಸಬೇಕಾದದ್ದೂ ಇತ್ತು. ಅವೆರಡನ್ನೂ ಬೇರ್ಪಡಿಸುವ ಅಧಿಕಾರ ಯಾರದಾಗಿತ್ತು ಎಂಬುದೇ ಮುಂದಿನ ನೂರು ವರ್ಷಗಳ ಕಥೆ.

ಬಂದೂಕಿನ ಬಲದ ಬದಲಾವಣೆ

1895ರಲ್ಲಿ ತೈವಾನ್ ಜಪಾನಿನ ಕೈಗೆ ಬಂದಿತು. ಹಕ್ಕುಪತ್ರವಿಲ್ಲದ ಕಾಡುಭೂಮಿಯೆಲ್ಲ ಸರ್ಕಾರದ್ದೆಂದು ಅದೇ ವರ್ಷ ಹೊಸ ಆಡಳಿತ ಸಾರಿತು. ಹೊಳೆಯ ಹೆಸರಿನಿಂದ ತಮ್ಮನ್ನು ಗುರುತಿಸಿಕೊಳ್ಳುವ ಜನರ ಬಳಿ ಹಕ್ಕುಪತ್ರ ಎಲ್ಲಿಂದ ಬರಬೇಕು? ಕರ್ಪೂರದ ಮರಗಳಿಗಾಗಿ ಬೆಟ್ಟಗಳೊಳಕ್ಕೆ ಕಾವಲುಸಾಲುಗಳು ನುಗ್ಗಿದವು. ಜನರು ಎದುರಿಸಿ ಹೋರಾಡಿದರು. 1910ರಿಂದ 1914ರವರೆಗೆ ಗವರ್ನರ್ ಜನರಲ್ ಸಾಕುಮಾ ಸಾಮಾತಾ ನಡೆಸಿದ ದಂಡಯಾತ್ರೆಗಳು ಬೆಟ್ಟದ ಜನರ ಬಂದೂಕುಗಳನ್ನು ಕಿತ್ತುಕೊಂಡವು. ತಲೆಬೇಟೆ ನಿಂತಿತು; ಮುಖದ ಹಚ್ಚೆಗೂ ನಿಷೇಧ ಬಂದಿತು. ಎಷ್ಟೋ ಹಳ್ಳಿಗಳನ್ನು ಆಡಳಿತದ ಕಣ್ಣಳತೆಯ ತಗ್ಗಿನ ಕಣಿವೆಗಳಿಗೆ ಇಳಿಸಲಾಯಿತು.

ಕ್ರೌರ್ಯ ನಿಂತದ್ದು ಒಳ್ಳೆಯದೇ. ಆದರೆ ಹಚ್ಚೆ ನಿಂತಾಗ, ನೇಯ್ಗೆಗೆ ಸಲ್ಲುತ್ತಿದ್ದ ಮನ್ನಣೆಯೂ ಕುಂದಿತು. ಬಲವಂತದ ಸುಧಾರಣೆಗೆ ಕಳೆ ಯಾವುದು, ಪೈರು ಯಾವುದು ಎಂಬ ವಿವೇಚನೆ ಇರುವುದಿಲ್ಲ. ಹಚ್ಚೆಯನ್ನು ಮುಖದಲ್ಲಿ ಹೊತ್ತ ಅಜ್ಜಿಯರು ಒಬ್ಬೊಬ್ಬರಾಗಿ ಕಣ್ಮರೆಯಾಗಿ, 2019ರ ಹೊತ್ತಿಗೆ ಆ ತಲೆಮಾರೇ ಮುಗಿಯಿತು.

ಈ ಕಾಲದ ಒಬ್ಬ ಪುರುಷನ ಹೆಸರನ್ನು ಹೇಳದೆ ಮುಂದುವರಿಯಲಾರೆ. ಲೋಸಿಂಗ್ ವತಾನ್ ಅತಯಾಲ್ ನಾಯಕನೊಬ್ಬನ ಮಗ. ಶರಣಾದ ತಂದೆ ಅವನನ್ನು ಒತ್ತೆಯಾಗಿ ಜಪಾನೀಯರಿಗೆ ಒಪ್ಪಿಸಿದ. ಹುಡುಗ ಅವರ ಶಾಲೆಯಲ್ಲಿ ಓದಿ ವೈದ್ಯನಾದ. ಬೆಟ್ಟದ ಹಳ್ಳಿಗಳಲ್ಲಿ ರೋಗಿಗಳ ಆರೈಕೆ ಮಾಡಿದ. ಯುದ್ಧ ಮುಗಿದು 1945ರಲ್ಲಿ ದ್ವೀಪ ಚೀನೀ ಸರ್ಕಾರದ ಆಡಳಿತಕ್ಕೆ ಸೇರಿದಾಗ, ಜಪಾನೀಯರು ಕಸಿದ ನೆಲ ಹಿಂದಿರುಗೀತೆಂದು ಅವನು ನಂಬಿದ. 1947ರಲ್ಲಿ ತನ್ನವರ ನೆಲವನ್ನು ಕೊಡಿಸಬೇಕೆಂದು ಮನವಿ ಬರೆದ. ಪ್ರಾಂತ ಸಭೆಯ ಸದಸ್ಯನೂ ಆದ. ನೆಲ ಬರಲಿಲ್ಲ. 1954ರ ಏಪ್ರಿಲ್ 17ರಂದು, ರಾಜದ್ರೋಹದ ಆರೋಪದ ಮೇಲೆ ಅವನನ್ನು ಗುಂಡಿಟ್ಟು ಕೊಂದರು. ಕಟ್ಟಳೆಯ ಮಾತನ್ನು ಅರ್ಜಿಯ ಭಾಷೆಯಲ್ಲಿ ಹೇಳಿದ ಮೊದಲಿಗರಲ್ಲಿ ಅವನೊಬ್ಬ. ಆ ಭಾಷೆಯನ್ನು ಕೇಳುವ ಕಿವಿ ಆಗ ಇರಲಿಲ್ಲ.

ಹೊಸ ದೇವರು, ಹಳೆಯ ಹೆಸರು

ಜಪಾನೀಯರು ಬೆಟ್ಟದ ಜನರ ನಡುವೆ ಕ್ರೈಸ್ತ ಪ್ರಚಾರವನ್ನು ನಿರ್ಬಂಧಿಸಿದ್ದರು. ನೆರೆಯ ತ್ರುಕು ಜನಾಂಗದ ಚಿವಾಂಗ್ ಎಂಬ ಹೆಂಗಸು ಆ ಕಾಲದಲ್ಲಿ ಗುಟ್ಟಾಗಿ ಬೋಧಿಸಿದ್ದಳು. ಯುದ್ಧಾನಂತರ ತಡೆ ಕಳಚಿತು. ಪ್ರೆಸ್ಬಿಟೇರಿಯನ್ನರೂ ಕ್ಯಾಥೊಲಿಕರೂ ಇತರ ಪಂಗಡದವರೂ ಬೆಟ್ಟ ಹತ್ತಿದರು. ಒಂದೆರಡು ದಶಕಗಳಲ್ಲಿ ಅತಯಾಲ್ ಹಳ್ಳಿಗಳ ಬಹುಪಾಲು ಮಂದಿ ಕ್ರೈಸ್ತರಾದರು.

ದೇವರು ಬದಲಾದಮೇಲೆ, ದೇವರ ಭಯದಿಂದ ನಿಂತಿದ್ದ ಕಟ್ಟಳೆ ಕುಸಿಯಬೇಕಲ್ಲವೆ? ಹಾಗೆಂದೇ ನಾನು ತರ್ಕಿಸಿದ್ದೆ. ನಡೆದದ್ದು ಬೇರೆ. ಪರಲೋಕದ ತಂದೆಯನ್ನು ತಮ್ಮ ನುಡಿಯಲ್ಲಿ ಹೇಳಬೇಕಾಗಿ ಬಂದಾಗ ಅತಯಾಲ್ ಕ್ರೈಸ್ತರು ಹೊಸ ಪದವನ್ನು ಎರವಲು ತರಲಿಲ್ಲ. ‘ಉತುಖ್ ಕಾಯಲ್’, ಆಕಾಶದ ಉತುಖ್, ಎಂದರು. ದೇವರ ಆಜ್ಞೆಗಳನ್ನು ಗಗಾ ಎಂಬ ಮಾತಿನಿಂದಲೇ ಹೇಳುವುದುಂಟು. ನಿಷಿದ್ಧವನ್ನು ಮೀರಬಾರದು, ಹಿರಿಯರ ಮಾತು ಕೇಳಬೇಕು, ಕದಿಯಬಾರದು, ಪರಸ್ತ್ರೀಯನ್ನು ಬಯಸಬಾರದು ಎಂಬುದೆಲ್ಲ ಅವರಿಗೆ ಮೊದಲೇ ತಿಳಿದಿತ್ತು. ಸೀನಾಯ್ ಬೆಟ್ಟದ ಮೇಲಿನ ಹತ್ತು ಆಜ್ಞೆಗಳನ್ನು ಕೇಳಿದಾಗ, ಇದು ನಮ್ಮ ಬೆಟ್ಟದ್ದೇ ಮಾತು ಎಂದು ಅವರಿಗೆ ಅನ್ನಿಸಿದ್ದರೆ ಆಶ್ಚರ್ಯವೇನು?

ಕೆಲವು ಆಚಾರಗಳು ತೊಲಗಿದವು. ಶಕುನ ನೋಡುವುದು ಹಿಂಜರಿಯಿತು. ಸಿಲಿಕ್ ಎಂಬ ಪುಟ್ಟ ಹಕ್ಕಿ ಯಾವ ಕಡೆಯಿಂದ ಯಾವ ಕಡೆಗೆ ಹಾರಿತೆಂದು ನೋಡಿಯೇ ಹಿಂದಿನವರು ಬೇಟೆಗೆ ಹೊರಡುತ್ತಿದ್ದರು. ಈಗ ಪ್ರಾರ್ಥಿಸಿ ಹೊರಡುವವರು ಹೆಚ್ಚು. ರೋಗಕ್ಕೆ ಕಾರಣ ಹುಡುಕಿ ಪರಿಹಾರ ಹೇಳುತ್ತಿದ್ದ ಮಂತ್ರವಾದಿನಿಯರ ಸ್ಥಾನ ಹೋಯಿತು. ಮದ್ಯವನ್ನು ಪಾದ್ರಿಗಳು ಖಂಡಿಸಿದರು. ಆದರೆ ಹಂದಿ ಹೋಗಲಿಲ್ಲ. ಮದುವೆ ಚರ್ಚಿನಲ್ಲಿ ನಡೆಯುತ್ತದೆ. ಮಾಂಸದ ಪಾಲು ಮನೆಮನೆಗೆ ಹಂಚಿಕೆಯಾಗುತ್ತದೆ. ನೆರೆಯ ತ್ರುಕು ಜನರಲ್ಲಂತೂ ಮೋಟಾರು ಅಪಘಾತದಂಥ ತೀರ ಈ ಕಾಲದ ಕೇಡಿಗೂ ಹಂದಿಯನ್ನು ಕಡಿದು ಹಂಚಿ ಶಮನ ಮಾಡಿಕೊಳ್ಳುವುದನ್ನು ಮಾನವಶಾಸ್ತ್ರಜ್ಞರು ದಾಖಲಿಸಿದ್ದಾರೆ. ಮೋಟಾರು ಹೊಸದು, ಒಬ್ಬನ ರಕ್ತ ನೆಲಕ್ಕೆ ಬಿದ್ದರೆ ಎಲ್ಲರ ನಂಟೂ ಹರಿಯುತ್ತದೆಂಬ ಅರಿವು ಹಳೆಯದು.

ಚರ್ಚು ಇನ್ನೊಂದು ಉಪಕಾರವನ್ನೂ ಮಾಡಿತು. ಶಾಲೆಯಲ್ಲಿ ಚೀನೀ ಭಾಷೆಯೊಂದೇ ನಡೆಯಬೇಕೆಂದು ಸರ್ಕಾರ ಪಟ್ಟು ಹಿಡಿದಿದ್ದ ಕಾಲದಲ್ಲಿ, ಬೆಟ್ಟದ ನುಡಿ ಬರಹಕ್ಕಿಳಿದದ್ದು ಬಹುಮಟ್ಟಿಗೆ ಪ್ರಾರ್ಥನೆಯ ಪುಸ್ತಕಗಳಲ್ಲಿ. ಅದೂ ಸುಲಭವಾಗಿರಲಿಲ್ಲ, 1975ರಲ್ಲಿ ರೋಮನ್ ಲಿಪಿಯ ದೇಶಭಾಷಾ ಬೈಬಲ್ ಪ್ರತಿಗಳನ್ನು ಅಧಿಕಾರಿಗಳು ಮುಟ್ಟುಗೋಲು ಹಾಕಿಕೊಂಡದ್ದುಂಟು. ಮುಂದೆ 1988ರಲ್ಲಿ ‘ನಮ್ಮ ನೆಲ ನಮಗೆ ಕೊಡಿ’ ಎಂದು ಮೂಲನಿವಾಸಿಗಳು ತೈಪೆಯ ಬೀದಿಗಿಳಿದಾಗ, ಪ್ರೆಸ್ಬಿಟೇರಿಯನ್ ಚರ್ಚು ಅವರ ಬೆನ್ನಿಗೆ ನಿಂತಿತು. ಹಿರಿಯರ ಆತ್ಮಗಳನ್ನು ಪಕ್ಕಕ್ಕೆ ಸರಿಸಿದ ಧರ್ಮವೇ ಹಿರಿಯರ ನೆಲಕ್ಕಾಗಿ ದನಿಯೆತ್ತಿತು. ಇತಿಹಾಸದ ನಡಿಗೆ ನೇರವಲ್ಲ.

ಆದರೂ ಒಂದು ನಷ್ಟವನ್ನು ಗಮನಿಸಬೇಕು. ಹಳೆಯ ಗಗಾದಲ್ಲಿ ತಪ್ಪು ಬಳಗದ್ದು. ಹೊಸ ಧರ್ಮದಲ್ಲಿ ಪಾಪ ಒಬ್ಬನದು. ಅವನೂ ದೇವರೂ ಇತ್ಯರ್ಥ ಮಾಡಿಕೊಂಡರೆ ತೀರಿತು. ಒಂದು ಊಟದವರಾಗಿದ್ದ ಹಳ್ಳಿಯಲ್ಲಿ ಎರಡು ಮೂರು ಪಂಗಡಗಳ ಚರ್ಚುಗಳೆದ್ದಾಗ, ಭಾನುವಾರ ಅಣ್ಣ ಒಂದು ಬಾಗಿಲಿಗೆ, ತಮ್ಮ ಇನ್ನೊಂದು ಬಾಗಿಲಿಗೆ ನಡೆದರು. ಹಣ್ಣಿನ ತೋಟ, ಎಲೆಕೋಸಿನ ಬೆಳೆ, ನಗರದ ಕೂಲಿ ಇವು ಬಂದಮೇಲೆ ಹಂಚಿ ಉಣ್ಣುವ ಅಗತ್ಯವೂ ಕಡಿಮೆಯಾಯಿತು. ದೇವರ ಬದಲಾವಣೆಗಿಂತಲೂ ದುಡ್ಡಿನ ಆಗಮನ ಗಗಾಕ್ಕೆ ಕೊಟ್ಟ ಪೆಟ್ಟು ದೊಡ್ಡದೆಂದು ನನ್ನ ಅಭಿಪ್ರಾಯ.

ಒಟ್ಟಾಗಿ ನೇಯ್ದ ಬಟ್ಟೆ

ಸ್ಮಾಂಗುಸ್ ಈ ಮಾತಿಗೆ ಒಳ್ಳೆಯ ದೃಷ್ಟಾಂತ. ಸುಮಾರು 5 ಸಾವಿರ ಅಡಿ ಎತ್ತರದ ಈ ಹಳ್ಳಿಗೆ ವಿದ್ಯುತ್ತು ಬಂದದ್ದು 1979ರಲ್ಲಿ. ಅಷ್ಟು ತಡವಾದ್ದರಿಂದ ‘ಕತ್ತಲೆಯ ಹಳ್ಳಿ’ ಎಂಬ ಅಡ್ಡಹೆಸರೇ ಅದಕ್ಕಿತ್ತು. ಮೋಟಾರು ರಸ್ತೆ ಮುಟ್ಟಿದ್ದು 1995ರಲ್ಲಿ. ಅದಕ್ಕೆ ಕೆಲವು ವರ್ಷಗಳ ಮೊದಲು ಹಳ್ಳಿಯವರಿಗೆ ಕಾಡಿನಲ್ಲಿ ಸೈಪ್ರೆಸ್ ಜಾತಿಯ ಮಹಾವೃಕ್ಷಗಳ ಗುಂಪೊಂದು ಕಂಡಿತ್ತು. ರಸ್ತೆಯಾದದ್ದೇ ತಡ, ಅವನ್ನು ನೋಡಲು ಪ್ರವಾಸಿಗರು ಸಾಲುಗಟ್ಟಿದರು. ಮನೆಗಳು ತಂಗುದಾಣಗಳಾದವು. ಅತಿಥಿಗಳಿಗಾಗಿ ನೆರೆಹೊರೆಯಲ್ಲಿ ಪೈಪೋಟಿ ಹುಟ್ಟಿತು. ಬಂಧುಗಳ ನಡುವೆ ಮುಖ ಮುರಿಯಿತು.

ಆಗ ಹಳ್ಳಿಯ ಹಿರಿಯರು ಒಂದು ಧೈರ್ಯದ ಕೆಲಸ ಮಾಡಿದರು. ವ್ಯಾಪಾರವನ್ನು ಒಟ್ಟುಗೂಡಿಸಿ, 2004ರ ಹೊತ್ತಿಗೆ ನೆಲವನ್ನೂ ದುಡಿಮೆಯನ್ನೂ ಒಂದುಮಾಡಿದ ಸಹಕಾರ ವ್ಯವಸ್ಥೆಯನ್ನು ಕಟ್ಟಿದರು. ಸೇರಿದವರಿಗೆಲ್ಲ ಸಮಾನ ವೇತನ. ಮಕ್ಕಳ ಓದಿಗೂ ಮನೆಯ ಆಸರೆಗೂ ಒಟ್ಟು ನಿಧಿಯಿಂದ ನೆರವು. ಇದಕ್ಕೆ ಅವರು ಇಟ್ಟ ಹೆಸರು ‘ತ್ನುನಾನ್’. ನೇಯ್ಗೆಯ ಮಾತಿನಿಂದ ಹುಟ್ಟಿದ ಪದ ಅದು. ಕೆನ್ನೆಯ ಹಚ್ಚೆ ಅಳಿದರೂ ನೇಯ್ಗೆಯ ಗೌರವ ಹೀಗೆ ಬೇರೊಂದು ದಾರಿಯಿಂದ ಮರಳಿ ಬಂದಿತೆಂದು ನಾನು ಸಂತೋಷಪಟ್ಟೆ. ಬೈಬಲನ್ನು ಓದಿದವರಿಗೆ, ಇದ್ದುದನ್ನೆಲ್ಲ ಒಟ್ಟಿಗೆ ಹಂಚಿಕೊಂಡು ಬಾಳಿದ ಮೊದಲ ಕ್ರೈಸ್ತರ ನೆನಪೂ ಇಲ್ಲಿ ಬಂದೀತು. ‘ಒಂದು ಊಟದವರು’ ಎಂಬ ಹಳೆಯ ಮಾತಿಗೂ ಆ ಕಥೆಗೂ ಇಲ್ಲಿ ಗಂಟು ಬಿದ್ದಿದೆ. ಊರಿನ ಎಲ್ಲ ಮನೆಗಳೂ ಇದರಲ್ಲಿ ಸೇರಲಿಲ್ಲವೆಂಬುದನ್ನೂ ಹೇಳಬೇಕು. ಒಮ್ಮತವೆಂಬುದು ದೂರದಿಂದ ನೋಡುವವರಿಗೆ ಕಾಣುವಷ್ಟು ನುಣುಪಾಗಿರುವುದಿಲ್ಲ.

ಬಿದ್ದ ಮರದ ಬುಡವನ್ನು ತರಲು ಮೂವರು ಹೋದದ್ದು ಈ ಹಳ್ಳಿಯಿಂದ.

ತೀರ್ಪು

2007ರಲ್ಲಿ ಜಿಲ್ಲಾ ನ್ಯಾಯಾಲಯ ಮೂವರನ್ನೂ ಅಪರಾಧಿಗಳೆಂದು ತೀರ್ಮಾನಿಸಿ, ಸೆರೆವಾಸವನ್ನು ವಿಧಿಸಿ ಅದನ್ನು ತಡೆಹಿಡಿಯಿತು. ಉಚ್ಚ ನ್ಯಾಯಾಲಯ ಶಿಕ್ಷೆಯನ್ನು ತಗ್ಗಿಸಿತು, ಆದರೆ ಅಪರಾಧವನ್ನು ಅಳಿಸಲಿಲ್ಲ. ಜೈಲಿಗೆ ಹೋಗಬೇಕಾಗಿರಲಿಲ್ಲ, ತಲೆಬಾಗಿ ಸುಮ್ಮನಾಗಿದ್ದರೆ ವ್ಯವಹಾರ ಮುಗಿಯುತ್ತಿತ್ತು. ಅವರು ತಲೆಬಾಗಲಿಲ್ಲ. ಕಳ್ಳರೆಂಬ ಹೆಸರನ್ನು ಒಪ್ಪಿಕೊಂಡರೆ ಸಭೆ ಸೇರಿ ನಿಶ್ಚಯಿಸಿದ ಊರೇ ಕಳ್ಳರ ಊರಾದಂತೆ. ಒಬ್ಬನ ಕಳಂಕ ಎಲ್ಲರಿಗೂ ತಟ್ಟುತ್ತದೆಂಬ ಹಳೆಯ ಗಗಾ ಆಗ ನ್ಯಾಯಾಲಯದ ಮೆಟ್ಟಿಲ ಮೇಲೆ ನಿಂತು ಮಾತಾಡಿತು.

ಅವರ ಪಾಲಿಗೆ ಲಿಖಿತ ಕಾನೂನಿನಲ್ಲೂ ಒಂದು ಕಿಂಡಿ ತೆರೆದಿತ್ತು. ಮೂಲನಿವಾಸಿಗಳು ತಮ್ಮ ಸಾಂಪ್ರದಾಯಿಕ ನೆಲದಲ್ಲಿ ಜೀವನಪದ್ಧತಿಗೆ ತಕ್ಕಂತೆ ಕಾಡಿನ ಉತ್ಪನ್ನವನ್ನು ತೆಗೆದುಕೊಳ್ಳಬಹುದೆಂದು 2004ರಲ್ಲಿ ತಿದ್ದಿದ ಅರಣ್ಯ ಕಾಯಿದೆ ಹೇಳುತ್ತಿತ್ತು. 2005ರ ಮೂಲನಿವಾಸಿ ಜನಾಂಗಗಳ ಮೂಲಭೂತ ಕಾಯಿದೆ, ಅವರ ವ್ಯವಹಾರಗಳನ್ನು ನಡೆಸುವಾಗ ಅವರ ಆಚಾರಗಳನ್ನು ಗೌರವಿಸಬೇಕೆಂದು ಸರ್ಕಾರಕ್ಕೆ ವಿಧಿಸಿತ್ತು. 2009ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಕೆಳಗಿನ ತೀರ್ಪನ್ನು ತಳ್ಳಿಹಾಕಿ ಮರುವಿಚಾರಣೆಗೆ ಕಳುಹಿಸಿತು. 2010ರ ಫೆಬ್ರವರಿಯಲ್ಲಿ ಮೂವರೂ ನಿರಪರಾಧಿಗಳೆಂದು ಬಿಡುಗಡೆಯಾದರು.

ಗೆಲುವು ಪೂರ್ಣವೆಂದು ಭಾವಿಸಬೇಕಾಗಿಲ್ಲ. ಬುನುನ್ ಎಂಬ ಬೇರೊಂದು ಜನಾಂಗದ ಬೇಟೆಗಾರನ ಮೊಕದ್ದಮೆಯಲ್ಲಿ 2021ರ ಮೇ ತಿಂಗಳಲ್ಲಿ ಸಂವಿಧಾನ ಪೀಠ ಬೇಟೆಯ ಆಚಾರವನ್ನು ಮನ್ನಿಸಿದರೂ, ಅದನ್ನು ಬಿಗಿಹಿಡಿಯುವ ನಿಯಮಗಳಲ್ಲಿ ಹಲವನ್ನು ಉಳಿಸಿತು. ಅವನ ಶಿಕ್ಷೆ ತಪ್ಪಿದ್ದು ರಾಷ್ಟ್ರಾಧ್ಯಕ್ಷರ ಕ್ಷಮಾದಾನದಿಂದ. ಕ್ಷಮೆಯೇ ಬೇರೆ, ಹಕ್ಕೇ ಬೇರೆ. ಇನ್ನೊಂದು ಆತಂಕವೂ ಉಂಟು. ಗಗಾವನ್ನು ನ್ಯಾಯಾಲಯಕ್ಕೆ ತಿಳಿಸಬೇಕಾದರೆ ಬರೆದು ಕೊಡಬೇಕು. ಬಾಯಿಮಾತಿನಲ್ಲಿ, ಹೊಳೆಹೊಳೆಗೂ ತುಸು ಬದಲಾಗುತ್ತ ಬಂದ ಕಟ್ಟಳೆ ಕಾಗದದ ಮೇಲೆ ಹೆಪ್ಪುಗಟ್ಟಿದರೆ, ಅದನ್ನು ಬರೆದವನೇ ಅದರ ಒಡೆಯನಾಗಬಹುದು. ಊರಿನ ಹೆಂಗಸರ, ನಗರಕ್ಕೆ ದುಡಿಯಲು ಹೋದ ತರುಣರ ಮಾತು ಆ ಕಾಗದದಲ್ಲಿ ಸೇರುತ್ತದೆಯೆ? ಇದನ್ನು ಅವರೇ ತಮ್ಮ ಸಭೆಗಳಲ್ಲಿ ಬಿಡಿಸಬೇಕು. ಹೊರಗಿನವರು ಬಿಡಿಸುವ ಗಂಟಲ್ಲ ಇದು.

2016ರ ಆಗಸ್ಟ್ 1ರಂದು ರಾಷ್ಟ್ರಾಧ್ಯಕ್ಷೆ ತ್ಸಾಯ್ ಇಂಗ್‌ವೆನ್ ಸರ್ಕಾರದ ಪರವಾಗಿ ಮೂಲನಿವಾಸಿಗಳ ಕ್ಷಮೆ ಬೇಡಿದರು. ಆ ಭಾಷಣದಲ್ಲಿ ಅವರು ಅತಯಾಲ್ ನುಡಿಯ ಎರಡು ಪದಗಳನ್ನು ನೆನೆದರು. ‘ಬಲಾಯ್’ ಎಂದರೆ ಸತ್ಯ. ಅದಕ್ಕೆ ಮೊದಲಲ್ಲಿ ಒಂದಕ್ಷರ ಸೇರಿಸಿ ‘ಸ್ಬಲಾಯ್’ ಎಂದರೆ ರಾಜಿ, ಸಮಾಧಾನ. ಜಗಳವಾಡಿದವರು ಎದುರುಬದುರು ಕುಳಿತು, ನಡೆದದ್ದನ್ನು ನಡೆದಂತೆ ಹೇಳಿ, ಬಳಿಕ ಒಟ್ಟಿಗೆ ಉಂಡು ಏಳುವುದು ಗಗಾದ ಹಳೆಯ ಪದ್ಧತಿ. ಸತ್ಯವನ್ನು ಹೇಳದೆ ರಾಜಿಯಿಲ್ಲ ಎಂಬ ನೀತಿಯನ್ನು ಆ ನುಡಿ ತನ್ನ ಪದರಚನೆಯಲ್ಲಿಯೇ ಇಟ್ಟುಕೊಂಡಿದೆ.

ಇದನ್ನು ಓದಿದಮೇಲೆ ನನ್ನ ಮೊದಲ ತರ್ಕ ಎಲ್ಲಿ ತಪ್ಪಿತೆಂದು ನನಗೆ ಹೊಳೆಯಿತು. ಕಟ್ಟಳೆ ನಿಂತಿರುವುದು ಭಯದ ಮೇಲೆ ಎಂದುಕೊಂಡಿದ್ದೆ. ಭಯದ ದೇವತೆ ಹೋದರೆ ಕಟ್ಟಳೆಯೂ ಹೋಗಬೇಕೆಂದಿದ್ದೆ. ಅದು ನಿಂತದ್ದು ಭಯಕ್ಕಿಂತ ಹೆಚ್ಚಾಗಿ ರೂಢಿಯ ಮೇಲೆ: ಸೇರಿ ಕೂರುವ, ನಿಜ ಹೇಳುವ, ಹಂಚಿ ಉಣ್ಣುವ ರೂಢಿ. ದೇವರ ಹೆಸರು ಬದಲಾದಾಗಲೂ, ಹಣ ಬಂದಾಗಲೂ, ಈ ಮೂರನ್ನು ಎಲ್ಲಿ ಬಿಡಲಿಲ್ಲವೋ ಅಲ್ಲಿ ಗಗಾ ಉಳಿಯಿತು; ಎಲ್ಲಿ ಬಿಟ್ಟರೋ ಅಲ್ಲಿ ಹೆಸರಷ್ಟೇ ಉಳಿಯಿತು.

ಗಾಳಿಗೆ ಬಿದ್ದ ಮರ ಯಾರದು ಎಂಬ ಪ್ರಶ್ನೆಗೆ ಸ್ಮಾಂಗುಸ್ ಹಳ್ಳಿ ಸಭೆಯಲ್ಲಿ ಕೊಟ್ಟ ಉತ್ತರ ಸರಳವಾಗಿತ್ತು: ಇದು ಎಲ್ಲರದು, ಆದುದರಿಂದ ಎಲ್ಲರೂ ಕೂಡಿ ಕೇಳಿ ತರೋಣ. ಆ ಉತ್ತರ ಕಳವಲ್ಲವೆಂದು ಒಪ್ಪಿಕೊಳ್ಳಲು ಪುಸ್ತಕದ ಕಾನೂನಿಗೆ ನಾಲ್ಕು ವರ್ಷ ಹಿಡಿಯಿತು. ಲೋಸಿಂಗ್ ವತಾನನ ಅರ್ಜಿಯಿಂದ ಎಣಿಸಿದರೆ ಅರವತ್ತಮೂರು ವರ್ಷ.